ಕಪ್ತಾನ ಹಂದಿಯ ಅಪಹರಣ

ಅಕ್ಕನ ಮನೆಯ ಸೋಫಾದಲ್ಲಿ ಕೂತು, ನೂರು ದಾಟಿದ ಒಂದು ಹಂದಿಯ ಮೂತಿಯ ಮೇಲೆ ಜಾಮ್ ಇಳಿಯುವುದನ್ನು ಕಣ್ಣಾರೆ ಕಂಡ ಸಂಜೆಯೇ ತಮ್ಮ ಕಳ್ಳನಾಗಲು ತೀರ್ಮಾನಿಸಿದ. ಅಲ್ಲಿಯವರೆಗೆ ಅವನು ಬಸ್ಸಿನಲ್ಲಿ ಟಿಕೆಟ್ ಇಲ್ಲದೆ ಒಂದು ಸ್ಟಾಪು ಕೂಡ ಹೋದವನಲ್ಲ.

ಹಂದಿ ಅಂದರೆ ಚಿತ್ರದ ಹಂದಿ. ತಲೆಗೆ ಕಪ್ತಾನನ ಟೋಪಿ, ಕೈಯಲ್ಲಿ ದುರ್ಬೀನು, ಕಾಲಡಿಯಲ್ಲಿ ಹಡಗು. ಅಜ್ಜಿಯ ಅಮ್ಮ ಚಿಕ್ಕವಳಿದ್ದಾಗ ಅಚ್ಚಾದ ಮಕ್ಕಳ ಪುಸ್ತಕ ಅದು. ಅಲ್ಲಿಂದೀಚೆಗೆ ಆ ಮನೆತನದ ಮಕ್ಕಳೆಲ್ಲ ಅದರ ಮೇಲೆ ಮೂಗು ಒರೆಸಿಕೊಂಡೇ ದೊಡ್ಡವರಾಗಿದ್ದರು. ಈಗಿನ ಪಾಳಿ ಅಕ್ಕನ ಮೊಮ್ಮಗಳದು. ಮನೆಯವರು ಅವಳನ್ನು ಮೆಣಸು ಎನ್ನುತ್ತಿದ್ದರು. ಗಾತ್ರ ಅಷ್ಟೇ, ಖಾರವೂ ಅಷ್ಟೇ.

ಆ ಪುಸ್ತಕದ ಬೆಲೆ ಗೊತ್ತಿದ್ದವನು ಆ ಮನೆಯಲ್ಲಿ ತಮ್ಮ ಒಬ್ಬನೇ. ಮೊದಲ ಮುದ್ರಣದಲ್ಲಿ ಚಿತ್ರಕಾರ ಮಹಾಶಯ ಹಂದಿಗೆ ಬಾಲ ಬರೆಯುವುದನ್ನೇ ಮರೆತಿದ್ದ. ಎರಡನೆಯ ಮುದ್ರಣದ ಹೊತ್ತಿಗೆ ಯಾರೋ ನೆನಪು ಮಾಡಿದರು, ಬಾಲ ಬಂತು. ಅಂದಿನಿಂದ ಲೋಕದ ಕಪ್ತಾನ ಹಂದಿಗಳಿಗೆಲ್ಲ ಸುರುಳಿ ಬಾಲ. ಬಾಲವಿಲ್ಲದ ಹಂದಿಗಾಗಿ ಹಳೆಯ ಪುಸ್ತಕ ಸಂಗ್ರಹಿಸುವವರು ಜೀವ ಬಿಡುತ್ತಾರೆ. ಅಕ್ಕನ ಹಂದಿಗೆ ಬಾಲವಿರಲಿಲ್ಲ. ಯಾವುದೋ ಮಗು ರಬ್ಬರಿನಿಂದ ಉಜ್ಜಿರಬೇಕು ಎಂದು ಅಕ್ಕ ತಿಳಿದಿದ್ದಳು. ಮಂಗನ ಕೈಗೆ ಮಾಣಿಕ್ಯ ಸಿಕ್ಕರೆ ಮಂಗ ಅದನ್ನು ಕಚ್ಚಿಯಾದರೂ ನೋಡುತ್ತದೆ, ಅಕ್ಕ ಅಷ್ಟೂ ಮಾಡಲಿಲ್ಲ ಎಂದು ತಮ್ಮನ ಹೊಟ್ಟೆ ಉರಿಯುತ್ತಿತ್ತು.

ಉರಿಗೆ ತುಪ್ಪ ಸುರಿದವಳು ಅಜ್ಜಿ. ಸಾಯುವ ಮುಂಚೆ ಮೊಮ್ಮಕ್ಕಳಿಬ್ಬರನ್ನೂ ಕರೆದು ಪುಸ್ತಕವನ್ನು ಅಕ್ಕನ ಮಡಿಲಿಗೆ ಹಾಕಿದ್ದಳು. "ನಿಂಗೆ ಕೊಟ್ರೆ ಬೀರುಗೆ ಕೊಟ್ಟ ಹಾಗೆ ಕಣೋ. ಇವಳಾದ್ರೆ ಓದ್ತಾಳೆ," ಎಂದಿದ್ದಳು.

ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿದ್ದು. ನಕ್ಷೆ ಕಚೇರಿಯಲ್ಲಿ ಜೀವಮಾನವಿಡೀ ಕೂದಲೆಳೆ ಗೆರೆ ಎಳೆದು ನಿವೃತ್ತನಾದ ತಮ್ಮನ ಮನೆಯಲ್ಲಿ ಗೋಡೆ ತುಂಬ ಗಾಜಿನ ಬೀರುಗಳಿದ್ದವು. ಅವುಗಳಲ್ಲಿ ಬೂಟು ತೊಟ್ಟ ಮುಳ್ಳುಹಂದಿ, ಚಹಾ ಕುಡಿಯುವ ಕತ್ತೆ, ಚಂದ್ರನಿಗೆ ಏಣಿ ಹಾಕಿದ ದರ್ಜಿ, ಹೀಗೆ ಹಳೆಯ ಕಾಲದ ಮಕ್ಕಳ ಪುಸ್ತಕಗಳು ಸಾಲಾಗಿ ನಿಂತಿದ್ದವು. ಅವನು ಒಂದನ್ನೂ ಓದಿರಲಿಲ್ಲ. ಪುಸ್ತಕವನ್ನು ನಾಲ್ಕು ಬೆರಳಗಲಕ್ಕಿಂತ ಹೆಚ್ಚು ತೆರೆದರೆ ಅದರ ಬೆನ್ನು ಮುರಿಯುತ್ತದೆ ಎಂಬುದು ಸಂಗ್ರಾಹಕರ ವೇದವಾಕ್ಯ. ಬಿಳಿ ಗ್ಲೌಸು ತೊಟ್ಟು, ಬಿರುಕಿನಲ್ಲಿ ಇಣುಕಿದ ಹಾಗೆ ಇಣುಕಿ, ಮುಚ್ಚಿಡುತ್ತಿದ್ದ. ಮೆಣಸು ಅವನಿಗೆ ಗ್ಲೌಸ್ ತಾತ ಎಂದು ಹೆಸರಿಟ್ಟಿದ್ದಳು.

ಕೇಳಿದರೆ ಅಕ್ಕ ಕೊಡುತ್ತಿರಲಿಲ್ಲವೇ? ಕೇಳಿಯೂ ಆಗಿತ್ತು. "ಅದೊಂದು ಬಿಟ್ಟು ಏನ್ ಬೇಕಾದ್ರೂ ಕೇಳು ಮರಿ. ಅದಿಲ್ಲದೆ ಇವಳು ಮಲಗೋದೇ ಇಲ್ಲ," ಎಂದಿದ್ದಳು. ಅರವತ್ತು ದಾಟಿದವನನ್ನು ಮರಿ ಎನ್ನುವವಳ ಹತ್ತಿರ ವಾದ ಮಾಡಿ ಗೆಲ್ಲುವುದುಂಟೇ?

ಹಾಗಾಗಿ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಒಂದು ಉಪಾಯ ಬೇಕಾಯಿತು. ಅವನ ಉಪಾಯ, ಅವನೇ ಮೆಚ್ಚಿಕೊಂಡ ಹಾಗೆ, ನಕ್ಷೆಯಷ್ಟು ಅಚ್ಚುಕಟ್ಟಾಗಿತ್ತು. ಬಾಲವಿರುವ ಹಂದಿ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಅಂಥದೊಂದನ್ನು ತಂದು, ಅಕ್ಕನ ಪ್ರತಿಯ ಕಲೆ, ಗೀರು, ಹರಕು ಎಲ್ಲವನ್ನೂ ಅದರ ಮೇಲೆ ಮೂಡಿಸಿ, ಅದಲು ಬದಲು ಮಾಡುವುದು. ಆಮೇಲೆ ನಿಜವಾದ ಪ್ರತಿಯ ಕಲೆಗಳನ್ನೆಲ್ಲ ತೊಳೆದು, ಗುರುತೇ ಸಿಗದ ಹಾಗೆ ಮಾಡಿ, ಸಂಗ್ರಾಹಕರ ಸಂಘದ ಪ್ರದರ್ಶನದಲ್ಲಿ ರಾಜಾರೋಷವಾಗಿ ಇಡುವುದು. ಕದ್ದ ಮಾಲು ಕೊಳೆಯಿಂದ ಗುರುತಾಗುವುದಾದರೆ, ಕೊಳೆಯೇ ಇಲ್ಲದಿದ್ದರೆ ಕದ್ದದ್ದೇ ಅಲ್ಲ. ಈ ತರ್ಕ ಹೊಳೆದಾಗ ಅವನು ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡು ಭೇಷ್ ಎಂದ.

ಮೊದಲು ಸಾಕ್ಷ್ಯ ಬಿತ್ತಬೇಕು. ದೂರದೂರಿನಲ್ಲಿ ಯಾರೋ ವಯಸ್ಸಾದ ಟೀಚರಮ್ಮನ ಹತ್ತಿರ ಬಾಲವಿಲ್ಲದ ಹಂದಿ ಇದೆಯಂತೆ, ಮಾತುಕತೆ ನಡೀತಿದೆ ಎಂದು ಸಂಘದಲ್ಲಿ ಹೇಳಿದ. ಅಕ್ಕನಿಗೂ ಹೇಳಿದ. ಟೀಚರಮ್ಮನಿಗೆ ಮಂಡಿನೋವು ಬರಿಸಿದ, ಒಬ್ಬ ಹಟಮಾರಿ ಸೊಸೆಯನ್ನೂ ತಂದುಕೊಟ್ಟ. ಅಕ್ಕ ಪಾಪ, ಆ ಟೀಚರಮ್ಮನ ಮಂಡಿಗೆ ಒಂದು ಎಣ್ಣೆಯನ್ನೂ ಹೇಳಿಕೊಟ್ಟಳು.

ಎರಡನೆಯದು ಕಲೆಗಳ ನಕ್ಷೆ. ಮೆಣಸಿನ ಫೋಟೋ ತೆಗೆಯುವ ನೆಪದಲ್ಲಿ ಅವನು ಪ್ರತಿ ಸಂಜೆ ಫೋನ್ ಹಿಡಿದು ಬಂದ. "ಪುಸ್ತಕ ಇನ್ನೂ ಸ್ವಲ್ಪ ಮೇಲೆ ಹಿಡಿ ಕಂದ. ಇನ್ನೂ ಮೇಲೆ. ಮುಖ ಕಾಣದಿದ್ರೂ ಪರವಾಗಿಲ್ಲ," ಎನ್ನುತ್ತಿದ್ದ. ಹುಡುಗಿಯ ಮುಖವೇ ಇಲ್ಲದ ರಾಶಿ ಫೋಟೋಗಳು ಅವನ ಫೋನಿನಲ್ಲಿ ಸೇರಿದವು. ಅಕ್ಕನ ಕಣ್ಣಂಚು ಒದ್ದೆಯಾಯಿತು. "ಮಕ್ಕಳನ್ನ ಕಂಡ್ರೆ ಆಗಲ್ಲ ಅಂತಿದ್ದೆ, ಈಗ ನೋಡು ಎಷ್ಟು ಪ್ರೀತಿ!" ಎಂದಳು. ತಮ್ಮನಿಗೆ ಒಂದು ಗಳಿಗೆ ಕಸಿವಿಸಿಯಾಯಿತು. ಆಗಲೇ ಮೆಣಸು ಹಂದಿಯ ಟೋಪಿಯ ಮೇಲೆ ಹಾಲಿನ ಲೋಟ ಇಟ್ಟಳು, ಕಸಿವಿಸಿ ಹಾರಿಹೋಯಿತು.

ಮೂರನೆಯದು ಕೈಚಳಕ. ಬ್ಲೇಡಿನ ಮೊನೆಯಿಂದ ಹಂದಿಯ ಬಾಲವನ್ನು ಕೆರೆದು ತೆಗೆಯುವಾಗ ಅವನು ಉಸಿರು ಬಿಗಿಹಿಡಿದಿದ್ದ. ಚಹಾ ಡಿಕಾಕ್ಷನ್ನಿನಲ್ಲಿ ಹಾಳೆಗಳು ಹಳದಿಯಾದವು. ಮೇಣದ ಬಣ್ಣದ ಗೀಚುಗಳನ್ನು ಎಡಗೈಯಲ್ಲಿ ಗೀಚಿದ, ಏಕೆಂದರೆ ಅವನ ಬಲಗೈಗೆ ಸೊಟ್ಟ ಗೆರೆ ಎಳೆಯಲು ಬರುತ್ತಲೇ ಇರಲಿಲ್ಲ. ಎಲ್ಲ ಸರಿಹೋಯಿತು, ತೊಡರಿದ್ದು ಜಾಮ್ ಒಂದೇ. ಹಂದಿಯ ಮೂತಿಯ ಮೇಲಿದ್ದದ್ದು ಮಗುವಿನ ಹೆಬ್ಬೆರಳ ಗುರುತು. ಅವನ ಕೈಯ ಹೆಬ್ಬೆರಳು ದೊಡ್ಡದು, ಕಿರುಬೆರಳು ಉದ್ದ. ಅಳತೆಪಟ್ಟಿ ಹಿಡಿದು ಮೈಯೆಲ್ಲ ಹುಡುಕಿದ ಮೇಲೆ ಎಡಗಾಲಿನ ನಾಲ್ಕನೆಯ ಬೆರಳು ಸರಿಯಾಗಿ ಹೊಂದುತ್ತದೆ ಎಂದು ಗೊತ್ತಾಯಿತು.

ಹೆಂಡತಿ ಬಾಗಿಲು ತೆರೆದಾಗ ಅವನು ಎರಡೂ ಕೈಗೆ ಬಿಳಿ ಗ್ಲೌಸು ತೊಟ್ಟು, ಕುರ್ಚಿ ಹಿಡಿದು, ಜಾಮ್ ಮೆತ್ತಿದ ಎಡಗಾಲನ್ನು ಮೇಜಿನ ಮೇಲೆತ್ತಿ ನಿಂತಿದ್ದ.

"ಏನ್ರೀ ಇದು?"

"ವ್ಯಾಯಾಮ ಕಣೇ. ಡಾಕ್ಟ್ರು ಹೇಳಿದ್ದಾರೆ."

"ಜಾಮ್ ಹಚ್ಕೊಂಡಾ?"

"ಮತ್ತೆ? ಚರ್ಮಕ್ಕೆ ಒಳ್ಳೇದಂತೆ."

ಅವಳು ಅವನನ್ನೂ ಕಾಲನ್ನೂ ನೋಡಿ ಬಾಗಿಲು ಹಾಕಿಕೊಂಡು ಹೋದಳು. ಮದುವೆಯಾಗಿ ಬಹಳ ವರ್ಷವಾದ ಮೇಲೆ ಹೆಂಡಂದಿರು ಕೆಲವು ವಿಷಯ ಕೇಳುವುದನ್ನು ಬಿಟ್ಟುಬಿಡುತ್ತಾರೆ.

ಅದಲು ಬದಲಿಗೆ ಅವನು ಆರಿಸಿದ್ದು ಭಾನುವಾರದ ಮಧ್ಯಾಹ್ನ. ದೊಡ್ಡ ಕೇಕ್ ಡಬ್ಬಿ, ಅದರ ತಳದಲ್ಲಿ ನಕಲಿ ಹಂದಿ, ಮೇಲೊಂದು ರಟ್ಟು, ರಟ್ಟಿನ ಮೇಲೆ ಕೇಕು. ಕೇಕು ತಟ್ಟೆಗೆ ಹೋಗುತ್ತದೆ, ನಕಲಿ ಹಂದಿ ಅಕ್ಕನ ಕಪಾಟಿಗೆ ಹೋಗುತ್ತದೆ, ಅಸಲಿ ಡಬ್ಬಿಯೊಳಗೆ ಬರುತ್ತದೆ. ಅಕ್ಕ ಅಡುಗೆಮನೆಗೆ, ಮೆಣಸು ಕೈ ತೊಳೆಯಲು ಹೋದ ಒಂದೇ ಸಂದಿಯಲ್ಲಿ ಕೆಲಸ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಮುಗಿಯಿತು. ಹೊರಡುವಾಗ ಮಾತ್ರ ಅಕ್ಕ ಡಬ್ಬಿಗೆ ಕೈ ಹಾಕಿದಳು.

"ಡಬ್ಬಿ ಗಟ್ಟಿಯಾಗಿದೆ ಕಣೋ, ಬಿಟ್ಟು ಹೋಗು. ಬಟ್ಟೆ ಚೂರು ತುಂಬಿಡೋಕಾಗುತ್ತೆ."

"ಬೇಕರಿಯವನು ವಾಪಸ್ ಕೇಳ್ತಾನಕ್ಕ."

"ಕೇಕ್ ಡಬ್ಬಿ ವಾಪಸ್ ಕೇಳೋ ಬೇಕರಿಯವನು ಯಾವನಪ್ಪಾ? ಕೊಡಿಲ್ಲಿ."

ಅಕ್ಕ ಒಂದು ಕಡೆ ಎಳೆದಳು, ತಮ್ಮ ಒಂದು ಕಡೆ ಎಳೆದ. ಚಿಕ್ಕಂದಿನಲ್ಲಿ ಇಂಥ ಎಳೆದಾಟದಲ್ಲಿ ಗೆದ್ದವಳು ಯಾವಾಗಲೂ ಅಕ್ಕನೇ. ಈ ಸಲ ಅವಳು ಅವನ ಬೆವರಿದ ಹಣೆ ನೋಡಿ ಕೈ ಬಿಟ್ಟಳು. "ತಗೊಂಡು ಹೋಗಪ್ಪ. ಒಂದು ರಟ್ಟಿನ ಡಬ್ಬಿಗೆ ಹೀಗಾಡ್ತೀಯಲ್ಲ," ಎಂದು ನಕ್ಕಳು. ಅವನು ಮೆಟ್ಟಿಲಿಳಿದು ಓಣಿಯ ತಿರುವು ದಾಟುವವರೆಗೂ ಹಿಂದೆ ನೋಡಲಿಲ್ಲ.

ಮುಂದಿನದು ಆರೈಕೆ. ಕಪ್ತಾನ ಹಂದಿಯನ್ನು ಮೆತ್ತನೆಯ ದಿಂಬಿನ ಮೇಲೆ ಮಲಗಿಸಿ, ನಾಲ್ಕು ಬೆರಳಗಲ ಮಾತ್ರ ತೆರೆದು, ಹತ್ತಿಯ ತುದಿಯಿಂದ ಪುಟಪುಟವನ್ನೂ ಒರೆಸಿದ. ಜಾಮ್ ಹೋಯಿತು, ಹಾಲು ಹೋಯಿತು, ಐದಾರು ತಲೆಮಾರಿನ ಮೂಗು ಹೋಯಿತು. ಗೀಚುಗಳನ್ನು ಬ್ರೆಡ್ಡಿನ ತಿರುಳಿನಿಂದ ಉಜ್ಜಿ ತೆಗೆದ. ಹೊರಗಿನ ಬಟ್ಟೆಯ ಬೆನ್ನನ್ನು ಮಾತ್ರ ಮುಟ್ಟಲಿಲ್ಲ. ಮೂಲ ಬೆನ್ನು ಹಾಗೇ ಇದ್ದರೆ ಬೆಲೆ, ಬಿಚ್ಚಿದರೆ ಕಸ ಎಂದು ಎಲ್ಲ ಸಂಗ್ರಾಹಕರಿಗೂ ಗೊತ್ತು. ಕೆಲಸ ಮುಗಿದಾಗ ಹೆತ್ತ ತಾಯಿ ಬಂದರೂ ಹಂದಿಯ ಗುರುತು ಹಿಡಿಯುವಂತಿರಲಿಲ್ಲ. ಅವನು ಬಾಲವಿಲ್ಲದ ಆ ದುಂಡು ಹಿಂಭಾಗವನ್ನು ನೋಡುತ್ತ ಬಹಳ ಹೊತ್ತು ಕೂತಿದ್ದ. ಜೀವನದಲ್ಲಿ ಅಷ್ಟು ಸುಖ ಅವನಿಗೆ ಬೇರೆ ಯಾರ ಹಿಂಭಾಗದಿಂದಲೂ ಸಿಕ್ಕಿರಲಿಲ್ಲ.

ಅತ್ತ ಅಕ್ಕನ ಮನೆಯಲ್ಲಿ ಎಲ್ಲ ಶಾಂತ. ಅವನು ಬೇಕೆಂದೇ ಹೋಗಿ ನೋಡಿ ಬಂದ. ನಕಲಿ ಹಂದಿ ಅಕ್ಕನ ತೊಡೆಯ ಮೇಲೆ ಅಂಗಾತ ಬಿದ್ದಿತ್ತು, ಅಕ್ಕ ಕನ್ನಡಕ ಏರಿಸಿಕೊಂಡು ಓದುತ್ತಿದ್ದಳು. ಮೆಣಸು ಮಾತ್ರ ಸ್ವಲ್ಪ ಮಂಕಾಗಿದ್ದಳು. "ಏನೋಪ್ಪ, ನಾಲ್ಕು ದಿನದಿಂದ ಓದೋಕೆ ಕೂತ್ರೆ ಹಂದಿಗೆ ಹುಷಾರಿಲ್ಲ ಅಂತಾಳೆ," ಎಂದಳು ಅಕ್ಕ. ಮಕ್ಕಳ ಮಾತಿಗೆ ಅರ್ಥ ಹುಡುಕುವ ಅಭ್ಯಾಸ ತಮ್ಮನಿಗೆ ಇರಲಿಲ್ಲ. ಮನೆಗೆ ಬಂದು ಚೆನ್ನಾಗಿ ಉಂಡು ಮಲಗಿದ.

ಪ್ರದರ್ಶನಕ್ಕೆ ಅಕ್ಕನನ್ನೂ ಮೆಣಸನ್ನೂ ಅವನೇ ಕರೆದ. ಇದು ಅವನ ಯೋಜನೆಯ ಕಳಶ. ಕಳ್ಳತನವಾದ ಮನೆಯವಳೇ ಕದ್ದ ಮಾಲಿನ ಮುಂದೆ ನಿಂತು, "ನಮ್ಮನೇಲೂ ಇಂಥದೇ ಒಂದಿದೆ," ಎಂದು ನಾಲ್ಕು ಜನರೆದುರು ಹೇಳಿದರೆ ಇನ್ನು ಯಾವ ಕೋರ್ಟಿನ ಸರ್ಟಿಫಿಕೇಟು ಬೇಕು? ಅಕ್ಕ ಬಂದವಳು ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಅಕ್ಷರಶಃ ಅದನ್ನೇ ಹೇಳಿದಳು. "ಆದ್ರೆ ನಮ್ಮದು ಗಲೀಜು. ಇದು ನೋಡಿ, ಸ್ನಾನ ಮಾಡಿಸಿದ ಹಾಗಿದೆ," ಎಂದೂ ಸೇರಿಸಿದಳು. ತಮ್ಮನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು. ಸಂಘದ ಅಧ್ಯಕ್ಷರು ಮೈಕು ಹಿಡಿದು ಹೊಗಳಿದರು. ಇಂಥ ಪುಸ್ತಕವನ್ನು ಆ ಟೀಚರಮ್ಮನ ಮನೆಯ ಧೂಳಿನಿಂದ ಪಾರು ಮಾಡಿದ ಪುಣ್ಯಾತ್ಮ ಎಂದರು. ಫೋಟೋ ತೆಗೆಯುವವನು ಮುಂದೆ ಬಂದು, "ಸಾರ್, ಒಂಚೂರು ಎತ್ತಿ ಹಿಡೀರಿ. ಪೂರ್ತಿ ಬಿಡಿಸಿ ಸಾರ್, ಹಂದಿ ಕಾಣ್ತಿಲ್ಲ," ಎಂದ. ಸಭೆ ಚಪ್ಪಾಳೆ ತಟ್ಟಿತು. ಹೊಗಳಿಕೆಯ ಅಮಲು ತಲೆಗೇರಿದ ತಮ್ಮ, ಬದುಕಿನಲ್ಲಿ ಮೊದಲ ಸಲ ವೇದವಾಕ್ಯ ಮರೆತ. ಪುಸ್ತಕವನ್ನು ಎರಡೂ ಕೈಯಲ್ಲಿ ಮೇಲೆತ್ತಿ ಪೂರಾ ಅಗಲಿಸಿದ.

ಅವನಿಗೆ ಗೊತ್ತಿಲ್ಲದೆ ಹೋದ ಸಂಗತಿ ಇಷ್ಟೇ. ಹಳೆಯ ಪುಸ್ತಕವನ್ನು ಹಾಗೆ ಪೂರಾ ಬಿಡಿಸಿದರೆ ಬೆನ್ನಿನ ಬಟ್ಟೆ ಹಾಳೆಗಳಿಂದ ಎದ್ದು ನಡುವೆ ಒಂದು ಪೊಳ್ಳು ಬಾಯಿ ತೆರೆಯುತ್ತದೆ. ನಡುಗಡಲಿನಲ್ಲಿ ಕಪ್ತಾನ ಹಂದಿ ಖಾಲಿ ತಟ್ಟೆ ಹಿಡಿದು ಉಪವಾಸ ಕೂರುವ ಪುಟ ಬಂದಾಗಲೆಲ್ಲ ಆ ಮನೆಯ ಮಗು ಆ ಬಾಯಿಗೆ ಊಟ ಹಾಕುತ್ತದೆ. ಮಗುವಿಗೆ ಒಂದು ದಿನವೂ ಪುಸ್ತಕ ಓದಿ ಹೇಳದವನಿಗೆ ಇದು ಗೊತ್ತಾಗುವುದಾದರೂ ಹೇಗೆ? ಮೊದಲು ಬಿಸ್ಕತ್ತಿನ ಪುಡಿ ಉದುರಿತು. ಆಮೇಲೆ ಎರಡು ಕಡಲೆಬೀಜ, ಒಂದು ಒಣದ್ರಾಕ್ಷಿ, ಕೊನೆಗೆ ಗಾಜಿನ ಮೇಲೆ ಟಣ್ ಎಂದು ಒಂದು ಪುಟ್ಟ ಬಿಳಿ ಹಲ್ಲು. "ಅಜ್ಜೀ, ನನ್ ಹಲ್ಲು!" ಎಂದು ಮೆಣಸು ಇಡೀ ಸಭಾಂಗಣಕ್ಕೆ ಕೇಳುವ ಹಾಗೆ ಕಿರುಚಿದಳು. "ಅಗಿಯೋಕೆ ಹಲ್ಲಿಲ್ಲ ಅಂತ ನಾನೇ ಹಂದಿಗೆ ಕೊಟ್ಟಿದ್ದೆ! ನನ್ ಹಂದಿ ಇಲ್ಲಿದೆ, ಅದಕ್ಕೇ ಮನೇಲಿರೋದು ಏನ್ ಕೊಟ್ರೂ ತಿಂತಿಲ್ಲ!" ಎಂದು ಮುಂದಿನ ಕಿಂಡಿ ಕಾಣುವಂತೆ ಬಾಯಿ ತೆರೆದು ಎಲ್ಲರಿಗೂ ತೋರಿಸಿದಳು. ಚಪ್ಪಾಳೆ ನಿಂತಿತು. ಅಧ್ಯಕ್ಷರು ಮೈಕು ಕೆಳಗಿಟ್ಟರು. ಅಕ್ಕ ಕನ್ನಡಕ ಏರಿಸಿಕೊಂಡು ಹಲ್ಲನ್ನು ನೋಡಿದಳು, ಹಂದಿಯನ್ನು ನೋಡಿದಳು, ಆಮೇಲೆ ಕೈ ಮೇಲೆತ್ತಿಯೇ ನಿಂತಿದ್ದ ತಮ್ಮನನ್ನು ನೋಡಿದಳು. "ಮರೀ," ಎಂದಳು ಮೆಲ್ಲಗೆ, "ನಮ್ಮ ಮೆಣಸು ಆ ಟೀಚರಮ್ಮನ ಮನೆಗೆ ಯಾವಾಗ ಹೋಗಿದ್ಲೋ?"