ಗಾಜಿನ ಬಾತುಕೋಳಿ ಕಳವು ಪ್ರಕರಣ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ಬಂದದ್ದು ಬಾತುಕೋಳಿಯ ದೂರು. ಜೀವಂತ ಬಾತುಕೋಳಿಯಾಗಿದ್ದರೆ ಹುಡುಕುವುದಾದರೂ ಸುಲಭವಿತ್ತು. ಇದು ಗಾಜಿನದು, ನೀಲಿ ಬಣ್ಣದ್ದು, ಹೆಬ್ಬೆರಳಿನಷ್ಟು ಉದ್ದ. ದೂರು ತಂದವರು ವಿಶ್ವವಿದ್ಯಾಲಯದ ಪುರಾತತ್ವ ವಿಭಾಗದ ಪ್ರೊಫೆಸರ್. ಮಂಡಿಯವರೆಗೆ ಮಣ್ಣು ಮೆತ್ತಿದ ಪ್ಯಾಂಟಿನಲ್ಲೇ ಬಂದಿದ್ದರು.

ಹೆಡ್ ಕಾನ್‌ಸ್ಟೇಬಲ್ ದೂರನ್ನು ಎರಡು ಸಲ ಓದಿ ಇನ್‌ಸ್ಪೆಕ್ಟರ್ ಮುಂದಿಟ್ಟ.

"ಪಕ್ಕದ ಠಾಣೆಯೋರಿಗೆ ಜೋಡಿ ಕೊಲೆ ಸಿಕ್ಕಿದೆ ಸಾರ್. ಟಿವಿಯೋರೆಲ್ಲ ಅಲ್ಲೇ ಬೀಡುಬಿಟ್ಟಿದಾರೆ. ನಮ್ಮ ಹಣೇಬರಹಕ್ಕೆ ಬಾತುಕೋಳಿ."

"ಸುಮ್ನೆ ಹೊಟ್ಟೆ ಉರ್ಕೋಬೇಡ. ಎಫ್‌ಐಆರ್ ಹಾಕು."

ಪಕ್ಕದ ಠಾಣೆಯ ಇನ್‌ಸ್ಪೆಕ್ಟರ್ ಇವನ ಬ್ಯಾಚಿನವನೇ. ಬೆಳಗಿನ ಪೇಪರಿನಲ್ಲಿ ಅವನ ಫೋಟೊ ನೋಡಿದಾಗ ಇವನಿಗೆ ಕಾಫಿ ಕಹಿಯಾಗಿತ್ತು. ಆದರೆ ಅದನ್ನು ಹೆಡ್ ಎದುರು ತೋರಿಸಿಕೊಳ್ಳುವುದುಂಟೆ?

"ಎಷ್ಟು ಹಳೇದು ಮೇಡಂ ಅದು?" ಎಂದು ಪ್ರೊಫೆಸರನ್ನು ಕೇಳಿದ.

"ಅರವತ್ತು ವರ್ಷದ ಮೇಲೆ."

"ಅಷ್ಟೇನಾ? ನಮ್ಮನೆ ಅಲ್ಮೇರಾ ಇನ್ನೂ ಹಳೇದು."

"ನಾವು ಹುಡುಕೋದು ರಾಜರ ಕಿರೀಟ ಅಲ್ಲ ಸಾರ್. ಅದು ಗಾಜಿನ ಕಾರ್ಖಾನೆ ಕೆಲಸಗಾರರ ಲೈನ್ ಮನೆಗಳಿದ್ದ ಜಾಗ. ಅಲ್ಲಿದ್ದೋರು ಹೇಗೆ ಬದುಕಿದ್ರು ಅಂತ ಯಾರೂ ಬರೆದಿಟ್ಟಿಲ್ಲ. ಅದಕ್ಕೆ ಅಲ್ಲಿ ಹುಟ್ಟಿ ಬೆಳೆದೋರನ್ನೇ ಕರ್ಕೊಂಡು ಅಗೀತಿದೀವಿ. ಅವರ ನೆನಪು, ನಮ್ಮ ಕರಣೆ." ಪ್ರೊಫೆಸರ್ ಸೇರಿಸಿದರು. "ಶನಿವಾರ ಪ್ರದರ್ಶನ ಇದೆ. ಬಾತುಕೋಳಿ ಯಾವ ವರ್ಷದ್ದು ಅಂತ ಮೊನ್ನೆ ತಾನೇ ಖಚಿತ ಆಯ್ತು. ಅವತ್ತು ಎಲ್ಲರ ಮುಂದೆ ಹೇಳ್ಬೇಕು ಅಂತಿದ್ದೆ."

ಯಾವ ವರ್ಷ ಎಂದು ಇನ್‌ಸ್ಪೆಕ್ಟರ್ ಕೇಳಲಿಲ್ಲ. ವಸ್ತು ಸಿಕ್ಕರೆ ಸಾಕು, ಅದರ ಜಾತಕ ಕಟ್ಟಿಕೊಂಡು ಪೊಲೀಸರಿಗೇನು ಎಂದುಕೊಂಡ. ಕೇಳಿದ್ದರೆ ಚೆನ್ನಾಗಿತ್ತು.

ಹನ್ನೊಂದೂವರೆಗೆ ಸ್ಥಳ ಪರಿಶೀಲನೆ. ಬಯಲಿನ ತುಂಬ ಚೌಕಾಕಾರದ ಗುಂಡಿಗಳು. ಪ್ರತಿ ಗುಂಡಿಯ ನಾಲ್ಕು ಮೂಲೆಗೂ ಉದ್ದನೆಯ ಮೊಳೆ ಹೊಡೆದು, ಅವುಗಳಿಗೆ ದಾರ ಬಿಗಿದಿದ್ದರು. ಗುಂಡಿಯ ಗೋಡೆಗಳು ಬೆಣ್ಣೆ ಕೊಯ್ದ ಹಾಗೆ ನೇರ.

"ಗುಂಡಿ ತೋಡೋಕೂ ಇಷ್ಟು ಶೋಕಿ ಬೇಕಾ?" ಎಂದ ಹೆಡ್.

"ಗೋಡೆ ಸೊಟ್ಟ ಆದ್ರೆ ಮೇಲಿನ ಪದರದ ಮಣ್ಣು ಕೆಳಗಿನದಕ್ಕೆ ಸೇರಿಬಿಡುತ್ತೆ. ಆಮೇಲೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಗೊತ್ತಾಗಲ್ಲ," ಎಂದರು ಪ್ರೊಫೆಸರ್. "ದಾರ ಕಟ್ಟದೆ ಕರಣೆ ಮುಟ್ಟಬಾರದು ಅಂತ ಮೊದಲ ದಿನವೇ ಎಲ್ಲರ ಕಿವಿ ಹಿಂಡ್ತೀನಿ."

ಸಿಕ್ಕ ವಸ್ತುಗಳನ್ನು ಇಡುವ ಶೆಡ್ಡಿನ ಬೀಗ ಒಡೆದಿರಲಿಲ್ಲ. ಬೀಗದಕೈ ನೇತುಹಾಕುವುದು ಜರಡಿಯ ಹಿಂದಿನ ಮೊಳೆಗೆ, ಅದು ಅಗೆಯುವವರಿಗೆಲ್ಲ ಗೊತ್ತು. ಒಳಗೆ ಎರಡು ಕ್ಯಾಮೆರಾ, ಒಂದು ಲ್ಯಾಪ್‌ಟಾಪ್ ಇದ್ದಲ್ಲೇ ಇದ್ದವು. ಹತ್ತಿ ಹಾಸಿದ ಟ್ರೇಯಲ್ಲಿ ಬಾತುಕೋಳಿ ಮಲಗಿದ್ದ ಗುಳಿ ಮಾತ್ರ ಖಾಲಿ. ಪಂಚನಾಮೆ ಮುಗಿಸಿ ಹೊರಬಂದಾಗ ಇನ್‌ಸ್ಪೆಕ್ಟರಿಗೆ ಒಂದು ಮಾತು ಖಾತ್ರಿಯಾಗಿತ್ತು. ಇದು ಹೊರಗಿನವರ ಕೈಚಳಕವಲ್ಲ.

"ಅದನ್ನ ಹುಡುಕಿದ್ದು ಯಾರು?"

ಅಗೆಯುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಕಿದ್ದು ತಂಗಿಯಂತೆ. ತಂಗಿ ಎಂದರೆ ನಿವೃತ್ತ ಶಾಲಾ ಟೀಚರ್. ಅವಳಿಗೊಬ್ಬಳು ಅಕ್ಕ, ಬಟ್ಟೆ ಹೊಲಿದು ಬದುಕಿದವಳು. ಲೈನ್ ಮನೆಗಳಲ್ಲಿ ನಾಲ್ಕನೆಯದು ಅವರಪ್ಪನದು. ಅಕ್ಕ ಎರಡು ವರ್ಷದಿಂದ ಬಿಸಿಲೆನ್ನದೆ ಇಲ್ಲಿ ಮಣ್ಣು ಕೆದಕುತ್ತಿದ್ದಾಳೆ. ತಂಗಿ ಬಂದದ್ದು ಒಂದೇ ದಿನ. ಜರಡಿ ಹಿಡಿದು ಅರ್ಧ ಗಂಟೆ ಕೂತಳು, ಬಾತುಕೋಳಿ ಸಿಕ್ಕಿತು. ಮಾರನೇ ದಿನ ಪೇಪರಿನಲ್ಲಿ ಅವಳ ಫೋಟೊ, ಮೇಲೆ 'ಅಪ್ಪನ ಉಡುಗೊರೆ ಮಗಳ ಕೈಗೆ' ಎಂಬ ತಲೆಬರಹ.

ಅಕ್ಕತಂಗಿಯರ ವಾಸ ಒಂದೇ ಮನೆಯಲ್ಲಿ, ನಡುವೆ ಒಂದು ಗೋಡೆ ಎಬ್ಬಿಸಿಕೊಂಡು. ಮೂರು ಗಂಟೆಗೆ ಇನ್‌ಸ್ಪೆಕ್ಟರ್ ಮೊದಲು ತಂಗಿಯ ಬಾಗಿಲು ತಟ್ಟಿದ. ಪೇಪರಿನ ಆ ಪುಟಕ್ಕೆ ಆಗಲೇ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಳು.

"ಅದು ನಿಮ್ಮಪ್ಪ ಮಾಡಿದ್ದು ಅಂತ ಹೇಗೆ ಗೊತ್ತು?"

"ಫೋಟೊದಲ್ಲಿ ಬಾಲ ಮೇಲಕ್ಕೆ ತಿರುಗಿದೆ ನೋಡಿ, ಅದು ಅಪ್ಪನ ಕೈ. ಊಟದ ಬಿಡುವಿನಲ್ಲಿ ಮಿಕ್ಕ ಗಾಜಲ್ಲಿ ಮಾಡ್ತಿದ್ದ."

"ನಿಮಗೇ ಮಾಡಿದ್ದಾ?"

"ನಂಗೆ ನೆನಪಿಲ್ಲ. ಆದ್ರೆ ಇನ್ಯಾರಿಗೆ ಮಾಡ್ತಾನೆ? ನಾನು ಅಂದ್ರೆ ಅಪ್ಪಂಗೆ ಪ್ರಾಣ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಕ್ಕನ್ನೇ ಕೇಳಿ ಬೇಕಾದ್ರೆ."

ಕೇಳಿದ. ಅಕ್ಕ ಹೊಲಿಗೆ ಮಿಷನ್ನಿನಿಂದ ಏಳಲೇ ಇಲ್ಲ.

"ನಿನ್ನೆ ಸಂಜೆ ಶೆಡ್ಡಿಗೆ ಹೋಗಿದ್ರಾ?"

"ದಿನಾ ಹೋಗ್ತೀನಿ. ಕರಣೆ ತೊಳೆದಿಟ್ಟು ಬರ್ತೀನಿ."

"ಬಾತುಕೋಳಿ ನೋಡಿದ್ರಾ?"

"ನೋಡೋದೇನಿದೆ? ಪೇಪರಲ್ಲಿ ನೋಡಿದ್ದೇ ಸಾಕಾಗಿದೆ." ಮಿಷನ್ನಿನ ಚಕ್ರವನ್ನು ಅಂಗೈಯಿಂದ ಒತ್ತಿ ನಿಲ್ಲಿಸಿದಳು. "ಎರಡು ವರ್ಷ ಅಗೆದೆ ಸಾರ್. ನಂಗೆ ಸಿಕ್ಕಿದ್ದು ತುಕ್ಕು ಮೊಳೆ, ಕುಡಿಕೆ ಚೂರು. ಅವಳು ಪಿಕ್‌ನಿಕ್ಕಿಗೆ ಬಂದ ಹಾಗೆ ಬಂದ್ಳು, ಅಪ್ಪನ್ನೇ ಎತ್ಕೊಂಡು ಹೋದ್ಳು. ಅವಳು ಹುಟ್ಟೋಕೆ ಮುಂಚಿಂದ್ಲೂ ಇದೇ ಕತೆ. ಹುಟ್ಟೋ ಮಗು ಅಂಬೆಗಾಲಿಡಬೇಕಲ್ಲ, ಮಣ್ಣಾಗಬಾರದು ಅಂತ ಅಪ್ಪ ಮನೆಗೆಲ್ಲ ಕೆಂಪು ಸಿಮೆಂಟ್ ನೆಲ ಹಾಕ್ಸಿದ. ನಾನು ಮಣ್ಣಲ್ಲೇ ತೆವಳಿದೋಳು."

"ಹೊಟ್ಟೆಕಿಚ್ಚಾ?" ಎಂದು ಇನ್‌ಸ್ಪೆಕ್ಟರ್ ನೇರವಾಗಿ ಕೇಳಿದ.

"ಹೌದು. ಅದಕ್ಕೂ ಕೇಸು ಹಾಕ್ತೀರಾ?"

ಹಾಕುವ ಹಾಗಿದ್ದರೆ ಬೆಳಿಗ್ಗೆಯೇ ತನ್ನ ಮೇಲೆ ಹಾಕಿಕೊಳ್ಳಬೇಕಿತ್ತು. ಇನ್‌ಸ್ಪೆಕ್ಟರ್ ಹಿತ್ತಲಿಗೆ ಹೋದ. ಹೆಡ್ ಆಗಲೇ ಅಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ.

"ಗುಲಾಬಿ ಗಿಡ ನೆಟ್ಟಿದಾರೆ ಸಾರ್, ಹೊಸದಾಗಿ. ನಮ್ಮವಳೂ ಗಿಡ ನೆಡ್ತಾಳೆ, ಆದ್ರೆ ಇಂಥ ಪಾತಿ ನಾನು ನೋಡಿಲ್ಲ."

ಗಿಡದ ಸುತ್ತಲಿನ ಹಸಿ ಮಣ್ಣು ಅಳತೆಪಟ್ಟಿ ಇಟ್ಟು ಕೊಯ್ದಂಥ ಚೌಕ. ನಾಲ್ಕು ಮೂಲೆಯಲ್ಲೂ ಒಂದೊಂದು ಸಣ್ಣ ತೂತು, ಮೊಳೆ ಹೊಡೆದು ಕಿತ್ತದ್ದು. ಕದ್ದ ಮಾಲು ಹೂಳುವ ಅವಸರದಲ್ಲೂ ಮಹಾತಾಯಿ ದಾರ ಕಟ್ಟಿದ್ದಳು.

ಇಬ್ಬರು ಪಂಚರನ್ನು ಕರೆಸಿ, ಪ್ರೊಫೆಸರ್ ಕೈಯಿಂದಲೇ ಅಗೆಸಿದರು. ಮೊಣಕೈ ಆಳದಲ್ಲಿ ಒಂದು ತಗಡಿನ ಡಬ್ಬಿ, ಅದರೊಳಗೆ ಹತ್ತಿಯಲ್ಲಿ ಸುತ್ತಿದ ಬಾತುಕೋಳಿ. ಒಂದು ಗೀರೂ ಬಿದ್ದಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಕ್ಕ ತಾನಾಗಿಯೇ ಬಾಯಿಬಿಟ್ಟಳು.

"ಒಡೆದು ಹಾಕ್ಬೇಕು ಅಂತಲೇ ತಂದೆ. ಕಲ್ಲೂ ಎತ್ಕೊಂಡೆ. ಅಪ್ಪನ ಕೈಗೆಲಸ, ಮನಸ್ಸು ಬರ್ಲಿಲ್ಲ. ಶನಿವಾರ ಅವಳು ಅದರ ಪಕ್ಕ ನಿಂತು ಬೀಗೋದನ್ನ ನೋಡೋಕಾಗ್ತಿರ್ಲಿಲ್ಲ, ಅಷ್ಟೇ."

ಸಂಜೆ ಐದಕ್ಕೆ ದಸ್ತಗಿರಿ. ಬಾತುಕೋಳಿಯನ್ನು ಜಪ್ತಿ ಮಾಡಿ, ಡಬ್ಬಿಗೆ ಬಟ್ಟೆ ಸುತ್ತಿ ಅರಗಿನ ಸೀಲು ಒತ್ತಿದರು. ಠಾಣೆಯ ಬೆಂಚಿನಲ್ಲಿ ಅಕ್ಕ ಒಂದು ತುದಿಗೆ, ಅವಳಿಗೆ ಶಾಲು ತಂದಿದ್ದ ತಂಗಿ ಇನ್ನೊಂದು ತುದಿಗೆ ಕೂತಿದ್ದರು. ಅಪರಾಧದ ಉದ್ದೇಶ ಏನೆಂದು ಬರೆಯಲಿ ಎಂದು ಹೆಡ್ ಕೇಳಿದ. ತಂಗಿಯ ಮೇಲಿನ ಅಸೂಯೆ ಎಂದು ಬರಿ ಎಂದ ಇನ್‌ಸ್ಪೆಕ್ಟರ್.

ಹೇಳಿಕೆಗೆ ಸಹಿ ಹಾಕಲು ಬಂದಿದ್ದ ಪ್ರೊಫೆಸರ್ ಪೆನ್ನು ಕೆಳಗಿಟ್ಟರು.

"ಶನಿವಾರದ ಮಾತು ಇವತ್ತೇ ಹೇಳ್ಬಿಡ್ತೀನಿ," ಎಂದು ಅಕ್ಕನ ಕಡೆ ತಿರುಗಿದರು. "ಬಾತುಕೋಳಿ ಲೈನ್ ಮನೆಯ ಹಿತ್ತಲಿನ ಕಸದ ಮಣ್ಣಲ್ಲಿ ಸಿಕ್ತು ಅಂತ ಎಲ್ಲರೂ ಅಂದ್ಕೊಂಡಿದ್ರು. ನಾನೂ ಹಾಗೇ ತಿಳಿದಿದ್ದೆ. ಮೊನ್ನೆ, ಯಾವ ಬುಟ್ಟೀಲಿ ಎಲ್ಲಿನ ಮಣ್ಣು ಅಂತ ಬರೆದ ಚೀಟಿಗಳನ್ನ ತಾಳೆ ನೋಡಿದೆ. ಅವತ್ತು ಜರಡಿಗೆ ಬಂದ ಬುಟ್ಟಿ ಮನೆಯ ಒಳಗಿನದು, ಕೆಂಪು ನೆಲದ ಕೆಳಗಿನ ಮಣ್ಣಿನದು. ಅದನ್ನ ಅಗೆದು ತುಂಬಿದ್ದು ನೀವೇ. ಮಣ್ಣು ಮೆತ್ತಿತ್ತು, ನಿಮಗೆ ಕಾಣಲಿಲ್ಲ."

"ನೆಲದ ಕೆಳಗಾ?" ಎಂದಳು ಅಕ್ಕ.

"ಆ ನೆಲ ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ಮೇಲಿಂದ ಜಾರಿ ಬೀಳೋ ಹಾಗೇ ಇಲ್ಲ. ನೆಲ ಯಾವಾಗ ಹಾಕಿದ್ದು ಅಂತ ನಮಗೆ ಹೇಳಿದೋರೂ ನೀವೇ. ತಂಗಿ ಹುಟ್ಟೋಕೆ ಮುಂಚೆ ಅಂತ. ಆಗ ಆ ಮನೇಲಿ ಇದ್ದ ಮಗು ಒಂದೇ."

ಅಕ್ಕ ತನ್ನ ಅಂಗೈಯನ್ನೇ ನೋಡುತ್ತ ಕೂತಳು. ಏನೋ ಕಳೆದುಹೋಯಿತೆಂದು ನೆಲಕ್ಕೆ ಬಿದ್ದು ಹೊರಳಾಡಿ ಅತ್ತದ್ದು, ಅಮ್ಮ ಬೆನ್ನಿಗೆ ಎರಡು ಕೊಟ್ಟದ್ದು ಮಸುಕಾಗಿ ನೆನಪಿದೆ ಎಂದಳು. ಕಳೆದದ್ದು ಏನೆಂದು ಮರೆತೇಹೋಗಿತ್ತಂತೆ. ಆಮೇಲೆ ಜೋರಾಗಿ ಅತ್ತಳು. ಅತ್ತು ಮುಗಿದ ಮೇಲೆ, "ಸಾರ್, ಒಂದ್ಸಲ ಕೈಯಲ್ಲಿ ಹಿಡ್ಕೊಳ್ಲಾ?" ಎಂದು ಕೇಳಿದಳು.

"ಸೀಲಾಗಿದೆಯಮ್ಮ. ಇನ್ನು ಕೋರ್ಟು ಹೇಳೋ ತನಕ ನಾನೂ ಮುಟ್ಟೋ ಹಾಗಿಲ್ಲ," ಎಂದ ಇನ್‌ಸ್ಪೆಕ್ಟರ್. ಹಾಗೆ ಹೇಳಬೇಕಾಗಿ ಬಂದದ್ದಕ್ಕೆ ಅವನಿಗೆ ನಿಜಕ್ಕೂ ಬೇಸರವಾಯಿತು.

ತಂಗಿ ಈಗ ಅಕ್ಕನ ಮುಖ ನೋಡಿದಳು. ಆ ನೋಟವನ್ನು ಇನ್‌ಸ್ಪೆಕ್ಟರ್ ಬಲ್ಲ, ಮಧ್ಯಾಹ್ನ ಹೊಲಿಗೆ ಮಿಷನ್ನಿನ ಹಿಂದೆ ಕಂಡದ್ದೂ ಅದೇ.

"ಹಾಗಾದ್ರೆ ಅಪ್ಪ ನಂಗೆ ಅಂತ ಏನೂ ಮಾಡ್ಲೇ ಇಲ್ವಾ ಅಕ್ಕ?"

ಅಕ್ಕ ಬೇಕಿದ್ದರೆ ಇಲ್ಲ ಎಂದುಬಿಡಬಹುದಿತ್ತು. ಅರವತ್ತು ವರ್ಷ ಕಾದರೂ ಅಂಥ ಅವಕಾಶ ಮತ್ತೆ ಸಿಗುವುದಿಲ್ಲ. ಹೆಡ್ ಕೂಡ ಬರೆಯುವುದನ್ನು ನಿಲ್ಲಿಸಿದ್ದ.

"ನಿಂಗೆ ನೆಲ ಹಾಕ್ಸಿದ್ನಲ್ಲೇ," ಎಂದಳು ಅಕ್ಕ, ಬೆಂಚಿನ ಮೇಲೆ ಒಂದಿಷ್ಟು ಈಚೆ ಸರಿದು. "ಮನೆ ತುಂಬ."