ನಾಲ್ಕು ಅಂಗಿ, ಒಂದು ಹೆಸರು

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ನಾವಿಕರ ವಸತಿಗೃಹದ ಮ್ಯಾನೇಜರ್ ಬಂದರಿನ ಪೊಲೀಸ್ ಠಾಣೆಯ ಮೆಟ್ಟಿಲೇರಿ, ತಮ್ಮ ಲಾಂಡ್ರಿಯಲ್ಲಿ ಕೆಲವು ತಿಂಗಳಿಂದ ಅಂಗಿಗಳು ಕಳುವಾಗುತ್ತಿವೆ ಎಂದು ದೂರು ಕೊಟ್ಟರು. ಒಟ್ಟು ನಾಲ್ಕು ಅಂಗಿ. ಗೋದಾಮಿನ ಬೀಗ ಒಡೆದ ಪ್ರಕರಣಗಳು ಮೇಜಿನ ಮೇಲೆ ಕೊಳೆಯುತ್ತಿರುವಾಗ ಹಳೆಯ ಅಂಗಿ ಹುಡುಕುವ ಭಾಗ್ಯ ತಮ್ಮ ಹಣೆಯಲ್ಲೇ ಬರೆದಿತ್ತೇ ಎಂದು ಇನ್‌ಸ್ಪೆಕ್ಟರ್ ಗೊಣಗಿದರು. ಆದರೆ ಕಳೆದುಕೊಂಡವರು ಪರದೇಶದ ಹಡಗಿನವರು. ಹಡಗಿನ ಏಜೆಂಟ್ ಆಗಲೇ ಮೇಲಧಿಕಾರಿಗಳಿಗೆ ಫೋನ್ ಮಾಡಿದ್ದ. ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಇಸ್ತ್ರಿ ಕೋಣೆಯಲ್ಲಿ ಸ್ಥಳ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ, ಕಿಟಕಿಗೆ ಸರಳುಗಳಿದ್ದವು. ಕೊನೆಯ ಅಂಗಿ ಕಳುವಾದದ್ದು ಮಡಿಸಿಟ್ಟ ಕಟ್ಟಿನ ನಡುವಿನಿಂದ. ಆ ಕಟ್ಟು ಈಗಲೂ ನೆಟ್ಟಗೆ ನಿಂತಿತ್ತು. ಒಂದರ ಕಾಲರ್ ಈ ಕಡೆ, ಮುಂದಿನದರ ಕಾಲರ್ ಆ ಕಡೆ, ಕಟ್ಟು ವಾಲದಂತೆ ಜೋಡಿಸುವುದು ಇಸ್ತ್ರಿಯವರ ಪದ್ಧತಿ. ನಡುವಿನ ಅಂಗಿ ಹೋದ ಮೇಲೆ ಅದರ ಮೇಲಿದ್ದವನ್ನೆಲ್ಲ ಯಾರೋ ಒಂದೊಂದಾಗಿ ತಿರುಗಿಸಿ ಮತ್ತೆ ಸರಿಮಾಡಿದ್ದರು. ಹೊರಗಿನ ಕಳ್ಳ ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು ಓಡುತ್ತಾನೆ. ಇದು ಕದಿಯುವಾಗಲೂ ಕೆಲಸ ಮರೆಯದ ಕೈ. ಆ ಕೋಣೆಯಲ್ಲಿ ದುಡಿಯುವವರು ನಾಲ್ವರು ಹೆಂಗಸರು.

ದಫೇದಾರ ಕಳುವಾದ ಅಂಗಿಗಳ ವಿವರ ಓದಿದ. ಎಲ್ಲ ಎಂಜಿನ್ ಕೋಣೆಯವರ ಅಂಗಿಗಳು. ಪಕ್ಕದಲ್ಲೇ ಹೊಸ ರೇಷ್ಮೆಯ ಅಂಗಿ ಇದ್ದರೂ ಮುಟ್ಟಿರಲಿಲ್ಲ. ಕಾಲರಿನೊಳಗೆ ಹೊಲಿದಿದ್ದ ಪಟ್ಟಿಗಳಲ್ಲಿ ಇದ್ದ ಹೆಸರುಗಳು, ಕಳುವಾದ ಕ್ರಮದಲ್ಲೇ: ಜೇಮ್ಸ್, ಹೈಮೆ, ಜಾಕೊಮೊ, ಯಾಕೂಬ್.

ವಸತಿಗೃಹಕ್ಕೆ ಪ್ರಾರ್ಥನೆ ಮಾಡಿಸಲು ಬಂದಿದ್ದ ಪಾದ್ರಿ ಚಹಾ ಕುಡಿಯುತ್ತ ಇದನ್ನು ಕೇಳಿಸಿಕೊಂಡರು.

"ನಾಲ್ಕು ಜನ ಅಂದ್ರಲ್ಲ, ಹೆಸರು ಮಾತ್ರ ಒಂದೇ. ಇಂಗ್ಲಿಷಿನವರು ಜೇಮ್ಸ್ ಅಂತಾರೆ, ಸ್ಪೇನಿನವರು ಹೈಮೆ, ಇಟಲಿಯವರು ಜಾಕೊಮೊ, ಅರಬರು ಯಾಕೂಬ್. ನಮ್ಮ ಬಾಯಲ್ಲಿ ಯಾಕೋಬ."

"ಯಾರವನು?" ಎಂದರು ಇನ್‌ಸ್ಪೆಕ್ಟರ್.

"ಬೈಬಲಿನವನು. ಇಷ್ಟಪಟ್ಟ ಹುಡುಗಿಗೋಸ್ಕರ ಏಳು ವರ್ಷ ಕುರಿ ಕಾಯ್ದ. ಅದಕ್ಕೂ ಮುಂಚೆ, ಕಣ್ಣು ಕಾಣದ ಅಪ್ಪನ ಮುಂದೆ ಅಣ್ಣನ ಬಟ್ಟೆ ತೊಟ್ಟು ನಿಂತು ಆಶೀರ್ವಾದ ಹೊಡ್ಕೊಂಡ." ಪಾದ್ರಿ ನಕ್ಕರು. "ನಿಮ್ಮ ಕೈಗೆ ಸಿಕ್ಕಿದ್ರೆ ಒಳಗೆ ಹಾಕ್ತಿದ್ರಿ."

ಇನ್‌ಸ್ಪೆಕ್ಟರ್ ನಗಲಿಲ್ಲ. ಗೋಡೆಯ ಮೇಲಿದ್ದ ಹಡಗು ಮಾರ್ಗದ ನಕ್ಷೆಯ ಮುಂದೆ ನಿಂತು ಒಂದೊಂದು ಹೆಸರಿನ ನಾಡಿನ ಮೇಲೂ ಬೆರಳಿಟ್ಟರು. ಬೆರಳು ದೂರದ ಕಡಲಿನಿಂದ ಈ ಬಂದರಿನ ಕಡೆಗೇ ಬರುತ್ತಿತ್ತು. ಇನ್ನು ಉಳಿದದ್ದು ಒಂದೇ ಹೆಸರು, ಇಲ್ಲಿಯದು: ಯಾಕೋಬ.

ಗುರುವಾರ ಬಲೆ ಹೆಣೆದರು. ದಫೇದಾರನ ಹಳೆಯ ಅಂಗಿಗೆ ಎಂಜಿನ್ ಎಣ್ಣೆ ಬಳಿದು, ಒಗೆಸಿ, ಮ್ಯಾನೇಜರ್ ಕೈಗೆ ಕೊಟ್ಟರು. ಹನ್ನೆರಡನೇ ಕೋಣೆಗೆ ಯಾಕೋಬ ಎಂಬ ಹಳೇ ನಾವಿಕ ಬಂದಿದ್ದಾನೆ, ಪಟ್ಟಿ ಹೊಲಿದು ಇಸ್ತ್ರಿ ಮಾಡಿಡಿ ಎಂದು ಅವರು ಒಳಗೆ ಹೇಳಿಬಂದರು. ದಫೇದಾರ ಫ್ಯಾನು ರಿಪೇರಿಯವನ ವೇಷದಲ್ಲಿ ಇಸ್ತ್ರಿ ಕೋಣೆಯಲ್ಲಿ ಏಣಿ ಹತ್ತಿದ. ಮಫ್ತಿಯಲ್ಲಿದ್ದ ಇನ್‌ಸ್ಪೆಕ್ಟರ್ ಹನ್ನೆರಡನೇ ಕೋಣೆಯ ಕಿಟಕಿಯ ಬಳಿ ಕುಳಿತರು. ಅಲ್ಲಿಂದ ಲಾಂಡ್ರಿಯ ಬಾಗಿಲು ಚೆನ್ನಾಗಿ ಕಾಣುತ್ತಿತ್ತು. ಅಂಗಿ ಯಾರದಾದರೂ ಚೀಲಕ್ಕೆ ಸೇರಿದ ಕೂಡಲೇ ಹಿಡಿಯುವುದೆಂದು ಮಾತಾಗಿತ್ತು.

ಅಂಗಿ ಚೀಲಕ್ಕೆ ಸೇರಲಿಲ್ಲ. ನಾಲ್ವರಲ್ಲಿ ಪಟ್ಟಿ ಹೊಲಿಯುವವಳು ಕೆಲಸ ಮುಗಿಸಿ, ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು, ಎಲ್ಲರ ಕಣ್ಣೆದುರೇ ಅಂಗಳ ದಾಟಿ ಮೆಟ್ಟಿಲ ಕಡೆ ಹೋದಳು. ಕಿಟಕಿಯಿಂದ ಅದನ್ನು ನೋಡಿದ ಇನ್‌ಸ್ಪೆಕ್ಟರ್‌ಗೆ ತಮ್ಮ ಬಲೆಯ ಲೆಕ್ಕ ಎಲ್ಲಿ ತಪ್ಪಿತೆಂದು ಹೊಳೆಯುವಷ್ಟರಲ್ಲಿ ಕೋಣೆಯ ಬಾಗಿಲು ಸದ್ದಾಯಿತು.

"ಅಪ್ಪಾ," ಎಂದಿತು ಹಿಂದಿನಿಂದ ದನಿ.

ಅವರು ತಿರುಗಿದರು. ನಲವತ್ತರ ಹತ್ತಿರದ ಹೆಂಗಸು ಅವರ ಮುಖವನ್ನು ಬಹಳ ಹೊತ್ತು ನೋಡಿದಳು.

"ಈ ಅಂಗಿ ನಿಮ್ದಲ್ಲ."

"ಅಲ್ಲಮ್ಮ."

"ಅವರೆಲ್ಲಿ?"

"ಅಂಥವರು ಯಾರೂ ಬಂದಿಲ್ಲಮ್ಮ. ನಾವು ಪೊಲೀಸರು."

ಅವಳು ಅಂಗಿಯನ್ನು ಮಂಚದ ಮೇಲಿಟ್ಟು ಕಾಲರ್ ಸರಿಮಾಡಿದಳು. ಆಮೇಲೆ ಕುಸಿದು ಕುಳಿತಳು. ಸುಳ್ಳು ಹೇಳಿ ಕಳ್ಳರನ್ನು ಹಿಡಿಯುವುದು ಇನ್‌ಸ್ಪೆಕ್ಟರ್‌ಗೆ ಹೊಸದೇನಲ್ಲ. ಆದರೂ ಅವತ್ತು ಅವರಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು.

ಹೇಳಿಕೆಯನ್ನು ಮಹಿಳಾ ಪೇದೆ ಬರೆದುಕೊಂಡಳು. ಅಪ್ಪ ಯಾಕೋಬ ಹಡಗಿನ ಎಂಜಿನ್ ಕೋಣೆಯವನು. ಇವಳಿಗೆ ಆರು ವರ್ಷವಾಗಿದ್ದಾಗ ಹೋದವನು ಬಂದಿಲ್ಲ. ಇದೇ ಲಾಂಡ್ರಿಯಲ್ಲಿ ಪಟ್ಟಿ ಹೊಲಿಯುತ್ತಿದ್ದ ಅಮ್ಮನಿಗೆ, ಯಾವ ಬಂದರಿನಲ್ಲಿ ತನ್ನನ್ನು ಹೇಗೆ ಕರೆಯುತ್ತಾರೆಂದು ಅವನು ತಮಾಷೆಯಾಗಿ ಹೇಳುತ್ತಿದ್ದ. ಅಮ್ಮನಿಗೆ ಈಗ ಕಣ್ಣಿಲ್ಲ. ಕೆಲವು ತಿಂಗಳ ಹಿಂದೆ ಊಟವನ್ನೂ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದಳು. ಆಗ ಮಗಳು ಮೊದಲ ಅಂಗಿ ತಂದು, ಅಪ್ಪ ಕಳಿಸಿದ್ದಾನೆ, ಹತ್ತಿರ ಬರುತ್ತಿದ್ದಾನೆ ಎಂದಳು. ಅಮ್ಮ ಪಟ್ಟಿಯಲ್ಲಿ ದಾರದಿಂದ ಹೊಲಿದ ಅಕ್ಷರಗಳ ಮೇಲೆ ಬೆರಳಾಡಿಸಿ ಹೆಸರು ಓದಿ, ಎದ್ದು ಕುಳಿತು ಅನ್ನ ಕೇಳಿದಳು. ಮತ್ತೆ ಮಂಕಾದಾಗಲೆಲ್ಲ ಇನ್ನೊಂದು ಅಂಗಿ ಬೇಕಾಯಿತು.

"ಹಳೇ ಅಂಗಿ ಎಲ್ಲಾದ್ರೂ ಕೊಂಡ್ಕೋಬಹುದಿತ್ತಲ್ಲ?" ಎಂದರು ಇನ್‌ಸ್ಪೆಕ್ಟರ್.

"ಅದಕ್ಕೆ ಹಡಗಿನ ವಾಸನೆ ಇರಲ್ಲ ಸಾರ್. ಎಂಜಿನ್ ಎಣ್ಣೆ ಎಷ್ಟು ಒಗೆದ್ರೂ ಹೋಗಲ್ಲ."

ಸಂಜೆ ಐದಕ್ಕೆ ಜಪ್ತಿಗೆ ಹೋದರು. ಹಡಗುಕಟ್ಟೆಯ ಹಿಂದಿನ ಬೀದಿ, ಮಾಳಿಗೆಯ ಒಂದೇ ಕೋಣೆ. ಪೊಲೀಸರೆಂದು ಅಮ್ಮನಿಗೆ ಹೇಳಬೇಡಿ, ವಸತಿಗೃಹದವರು ಅನ್ನಿ ಎಂದು ಮಗಳು ದಾರಿಯುದ್ದಕ್ಕೂ ಬೇಡಿಕೊಂಡಿದ್ದಳು. ಜಪ್ತಿಗೆ ಸಾಕ್ಷಿಯಾಗುವ ಪಂಚರನ್ನು ಕರೆತರಲು ದಫೇದಾರ ಅವಳೊಂದಿಗೆ ಕೆಳಗಿಳಿದ.

ಮುದುಕಿ ತಾನಾಗಿಯೇ ತಲೆದಿಂಬಿನ ಕೆಳಗಿನಿಂದ ನಾಲ್ಕು ಅಂಗಿ ತೆಗೆದು ಚಾಚಿದಳು.

"ಬೂಟಿನ ಸದ್ದಲ್ಲೇ ಗೊತ್ತಾಯ್ತು, ಪೊಲೀಸ್ರು ಅಂತ. ತಗೋ ಮಗಾ."

ಇನ್‌ಸ್ಪೆಕ್ಟರ್ ಅಂಗಿಗಳನ್ನು ತೆಗೆದುಕೊಂಡರು.

"ನಾಲ್ಕಕ್ಕೂ ನಾಲ್ಕು ಅಳತೆ ಕಾಲರು. ಪಟ್ಟಿ ಹೊಲಿಗೆ ನನ್ನ ಮಗಳದು. ಆ ಗಂಟು ಹಾಕೋದು ಕಲಿಸಿದ್ದೇ ನಾನು. ಯಾಕೋಬನ ಆ ಹಳೇ ಕತೇಲಿ ಕುರುಡು ಮುದುಕ ಮೋಸ ಹೋದ. ನಾನು ಹೋಗ್ಲಿಲ್ಲ."

"ಮತ್ತೆ ಯಾಕಮ್ಮ ಸುಮ್ನಿದ್ರಿ?"

"ಅಪ್ಪ ಬರ್ತಿದ್ದಾನೆ ಅನ್ನೋವಾಗ ಅವಳ ದನಿ ಆರು ವರ್ಷದ ಮಗೂದು. ಅದನ್ನ ಕೇಳೋಕೆ ಅಂತಲೇ ಎದ್ದು ಉಂಡೆ." ಅವಳು ತಡವರಿಸಿ ಇನ್‌ಸ್ಪೆಕ್ಟರ್ ಕೈ ಹಿಡಿದಳು. "ನಂಗೆ ಗೊತ್ತಿತ್ತು ಅಂತ ಅವಳಿಗೆ ಹೇಳ್ಬೇಡ."

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಮುದುಕಿ ಕೈ ಬಿಟ್ಟು, ದನಿಯೇರಿಸಿ, ಅಪ್ಪನ ಅಂಗಿಗಳನ್ನು ಇವರು ಒಗೆಸಿ ಕೊಡುತ್ತಾರಂತೆ ಎಂದಳು. ಹೌದಮ್ಮಾ ಎಂದಳು ಮಗಳು.

ಆರೂವರೆಗೆ ಬಂಧನ ದಾಖಲಾಯಿತು. ಠಾಣೆಯಲ್ಲೇ ಜಾಮೀನು ಕೊಟ್ಟು ಕಳಿಸಿದರು. ಆಮೇಲೆ ಇನ್‌ಸ್ಪೆಕ್ಟರ್ ವರದಿ ಬರೆಯಲು ಕುಳಿತರು. ಕಳವಿನ ಉದ್ದೇಶ ಎಂಬಲ್ಲಿ ಪೆನ್ನು ನಿಂತಿತು. ಕೊನೆಗೆ, "ಏನೂ ಅರಿಯದ ಅಂಧ ತಾಯಿಯನ್ನು ನಂಬಿಸಲು" ಎಂದು ಬರೆದು ಸಹಿ ಹಾಕಿದರು. ಸುಳ್ಳೆಂದು ಗೊತ್ತಿದ್ದೇ ಬರೆದರು.