ಕವರಿನಲ್ಲಿದ್ದ ಜಡೆ

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನರ್ಸ್ ಆ ಪ್ಲಾಸ್ಟಿಕ್ ಕವರನ್ನು ವಸಂತನ ಕೈಗೆ ಕೊಟ್ಟಿದ್ದನ್ನು ತಲೆಗೆ ಆಸ್ಪತ್ರೆಯ ಟೋಪಿ ತೊಟ್ಟ ಸುಮಂಗಲಾ ಸ್ಟ್ರೆಚರ್ ಮೇಲಿಂದಲೇ ನೋಡಿದಳು.

“ಅದು ಅವ್ವನ ಕೈಗೇ ಹೋಗ್ಬೇಕು ಸಿಸ್ಟರ್” ಎಂದು ಅಷ್ಟು ಹೇಳಿದ್ದಳು. ಅವ್ವ ಚನ್ನಕ್ಕ ಅದೇ ಹೊತ್ತಿಗೆ ಔಷಧಿ ತರಲು ಕೆಳಗಿಳಿದಿದ್ದಳು. ಕವರಿನಲ್ಲಿ ಬಳೆ, ಮೂಗುಬೊಟ್ಟು, ಪಿನ್ನುಗಳು. ಅವುಗಳ ಕೆಳಗೆ ಸುರುಳಿ ಸುತ್ತಿಕೊಂಡು ಮಲಗಿದ್ದ ಚೌರಿ, ಅಂಗಡಿಯಲ್ಲಿ ಕೊಂಡು ಸ್ವಂತ ಕೂದಲಿಗೆ ಸೇರಿಸಿ ಹೆಣೆಯುವ ಜಡೆ. ವಸಂತ ಕವರಿನೊಳಗೆ ನೋಡಿದ. ಮುಖ ಬಿಳಿಚಿಕೊಂಡಿತು. ಅವಳತ್ತ ತಿರುಗುವ ಮೊದಲೇ ಬಾಗಿಲು ಮುಚ್ಚಿತು.

ಅರಿವಳಿಕೆ ಏರುವಾಗ ಅವಳಿಗೆ ಸಾವಿನ ಭಯವಿರಲಿಲ್ಲ. ಎದ್ದಮೇಲೆ ಅವನಿರುವುದಿಲ್ಲ ಎಂಬ ಭಯವೊಂದೇ ಇತ್ತು.

ಅವರಿಬ್ಬರ ಪರಿಚಯವಾದದ್ದು ಪೀಣ್ಯದಲ್ಲಿ, ಮಾತ್ರೆ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ. ಅಲ್ಲಿ ಒಳಗೆ ಹೋದರೆ ಎಲ್ಲರಿಗೂ ತಲೆತುಂಬ ಟೋಪಿ, ಮೂಗಿನವರೆಗೆ ಮಾಸ್ಕ್. ಕಾಣುವುದು ಕಣ್ಣು ಮಾತ್ರ. ಮೆಷಿನ್ ರಿಪೇರಿಯ ವಸಂತ ಅವಳ ಲೈನಿಗೇ ಪದೇ ಪದೇ ಬರತೊಡಗಿದ.

“ಮೆಷಿನ್ ಚೆನ್ನಾಗೇ ಓಡ್ತಿದೆಯಲ್ಲ, ಯಾಕ್ ಬಂದ್ರಿ?”

“ಕೆಡೋ ತನಕ ಕಾಯ್ಬೇಕಾ ಮೇಡಂ?”

ಅವಳು ಮಾಸ್ಕಿನೊಳಗೇ ನಕ್ಕಳು.

“ನಕ್ಕಿದ್ದು ಗೊತ್ತಾಯ್ತು ಬಿಡಿ. ಎಡಗಣ್ಣು ಸ್ವಲ್ಪ ಜಾಸ್ತಿ ಕಿರಿದಾಗುತ್ತೆ ನಿಮ್ಗೆ.”

ಇಷ್ಟು ನೋಡಿದವನ ಮುಂದೆ ಏನನ್ನಾದರೂ ಮುಚ್ಚಿಡುವುದು ಎಷ್ಟು ಕಷ್ಟ ಎಂದು ಅವಳಿಗೆ ಅಂದೇ ಹೊಳೆಯಬೇಕಿತ್ತು. ಕ್ಯಾಂಟೀನಿನಲ್ಲಿ ಟೋಪಿ ತೆಗೆದಾಗ ಅವನು ಬಾಯಿ ಬಿಟ್ಟುಕೊಂಡು ನೋಡಿದ. “ಸೊಂಟ ದಾಟುತ್ತಲ್ರೀ ನಿಮ್ ಜಡೆ!” ಆ ಹೊತ್ತಿಗಾಗಲೇ ಥೈರಾಯ್ಡ್ ಅವಳ ಕೂದಲನ್ನು ಅರ್ಧ ತಿಂದುಹಾಕಿತ್ತು. ಬೈತಲೆ ದಿನೇದಿನೇ ಅಗಲವಾಗುತ್ತಿತ್ತು. ನಿಜ ಹೇಳಲು ಒಂದು ಗಳಿಗೆ ಸಾಕಿತ್ತು. ಅವಳು ನಾಚಿ ನಕ್ಕು, ವೇಲನ್ನು ತಲೆಯ ಮೇಲೆ ಎಳೆದುಕೊಂಡಳು. ಮೆಚ್ಚುಗೆ ಯಾರಿಗೆ ಬೇಡ ಹೇಳಿ!

ವಸಂತನ ತಾಯಿ ಶೋಭಾರಾಣಿಗೆ ಗದಗಿನ ಕಡೆಯ ಈ ಹುಡುಗಿ ಮೊದಲು ಹಿಡಿಸಲಿಲ್ಲ. ಕೊನೆಗೆ ಮನಸ್ಸು ಕರಗಿದ್ದು ಜಡೆ ನೋಡಿ. “ಹೂ ಮುಡಿಸೋಕೆ ಹೇಳಿ ಮಾಡಿಸಿದಂಗಿದೆ” ಎಂದರು. ಮದುವೆ ಗಟ್ಟಿಯಾಗುವುದೇ ಆ ಹೂ ಮುಡಿಸುವ ಶಾಸ್ತ್ರದಿಂದ. ದಿನ ಗೊತ್ತಾಗುವ ಹೊತ್ತಿಗೆ ಅವಳ ಗಂಟಲಿನ ಗಂಟು ಊದಿಕೊಂಡಿತು. ಶಾಸ್ತ್ರ ಮುಗಿದಮೇಲೆ ಆಪರೇಷನ್ ಮಾಡಿಸೋಣವೆಂದು ಅವಳು ಗೋಗರೆದಳು. ಹಟ ಹಿಡಿದು ಒಪ್ಪಿಸಿದ್ದು ವಸಂತನೇ.

ಎಚ್ಚರವಾದಾಗ ಅವನು ಮಂಚದ ಪಕ್ಕದಲ್ಲೇ ಇದ್ದ. ಆದರೆ ಕಣ್ಣು ಅವಳ ಮುಖಕ್ಕಿಂತ ಮೇಲೆ ಏರಲಿಲ್ಲ. ಕರ್ಚೀಫಿನಲ್ಲಿ ಕಟ್ಟಿದ್ದ ಬಳೆ, ಮೂಗುಬೊಟ್ಟು, ಪಿನ್ನು ಕೊಟ್ಟ. ಚೌರಿ ಕೊಡಲಿಲ್ಲ. ಕೇಳೋಣವೆಂದರೆ ಅವಳಿಗೆ ದನಿಯೇ ಇರಲಿಲ್ಲ. ಗಂಟು ಕೆಟ್ಟದ್ದಲ್ಲ, ಆದರೆ ದನಿಯ ನರಕ್ಕೆ ಪೆಟ್ಟಾಗಿದೆ, ಆದಷ್ಟು ಮಾತು ಬೇಡ ಎಂದರು ಡಾಕ್ಟರು. ಕೂದಲಿನ ಬಗ್ಗೆ ಅವಳು ಸನ್ನೆಯಲ್ಲೇ ಕೇಳಿದಳು. “ಇನ್ನೂ ಕೆಲವು ತಿಂಗಳು ಉದುರುತ್ತಮ್ಮ. ವಾಪಸ್ ಬರಬಹುದು, ನೋಡೋಣ.”

ಮಾದನಾಯಕನಹಳ್ಳಿಯ ಬಾಡಿಗೆ ಕೋಣೆಗೆ ಬಂದಮೇಲೆ ಅದು ಉದುರಿದ್ದೇ ಉದುರಿದ್ದು. ದಿಂಬಿನ ಮೇಲೆ, ಬಚ್ಚಲ ಜಾಲರಿಯಲ್ಲಿ. ಒಂದು ದಿನ ಚನ್ನಕ್ಕ ಮಗಳ ರೊಟ್ಟಿಯ ಮೇಲಿನ ಕೂದಲನ್ನು ತೆಗೆದು ಪಕ್ಕಕ್ಕಿಟ್ಟಳು.

ವಸಂತ ಬರುತ್ತಿದ್ದ, ಹಣ್ಣು ಇಡುತ್ತಿದ್ದ, ವೇಲ್ ಹೊದ್ದು ಕೂತ ಅವಳನ್ನು ಬಿಟ್ಟು ಗೋಡೆ ನೋಡುತ್ತಾ ಕೂತು ಎದ್ದು ಹೋಗುತ್ತಿದ್ದ. ಚೇಷ್ಟೆಯ ಮಾತೆಲ್ಲ ಎಲ್ಲಿ ಬತ್ತಿಹೋಯಿತೋ! ಚೌರಿಯನ್ನು ಅವನು ಯಾಕೆ ಇಟ್ಟುಕೊಂಡಿದ್ದಾನೆ? ಎಲ್ಲರ ಮುಂದೆ ತೆಗೆದು ತೋರಿಸುವುದಕ್ಕೋ?

“ಆಂವ ತಮ್ಮವ್ವಗ ಹೇಳ್ಯಾನೋ ಏನೋ ಯವ್ವಾ. ಮಂದಿ ಮುಂದ ಮಾನಾ ಕಳೀತಾರ ನಮ್ದು” ಎಂದಳು ಚನ್ನಕ್ಕ.

ಶಾಸ್ತ್ರದ ಹಿಂದಿನ ದಿನ ಶೋಭಾರಾಣಿಯ ಫೋನ್ ಬಂತು. “ಮಲ್ಲಿಗೆ, ಕನಕಾಂಬರ ಎಲ್ಲಾ ಹೇಳಿದೀನಿ ಕಣಮ್ಮ. ನಾಳೆ ನಿನ್ ಜಡೆ ಬಿಚ್ಚಿ ನಾನೇ ಹೆಣೀತೀನಿ. ಯಾರ ಕೈಗೂ ಕೊಡಲ್ಲ.” ಆ ದನಿಯಲ್ಲಿದ್ದದ್ದು ಪ್ರೀತಿಯೋ ಎಚ್ಚರಿಕೆಯೋ ಸುಮಂಗಲಾಗೆ ತಿಳಿಯಲಿಲ್ಲ.

ಮಧ್ಯಾಹ್ನ ವಸಂತ ಬಂದು, “ಒಂದ್ನಿಮಿಷ ಮೇಲೆ ಬಾ” ಎಂದ. ಮಹಡಿಯ ಮೇಲೆ ನೀರಿನ ಟ್ಯಾಂಕು, ಬಟ್ಟೆ ಹಗ್ಗ, ಸುಡುಬಿಸಿಲು. ಕೆಳಗೆ ಗೋಡೌನಿನತ್ತ ಹಿಂದಕ್ಕೆ ಬರುತ್ತಿದ್ದ ಲಾರಿ ಒಂದೇ ಸಮ ಕೂಗಿಕೊಳ್ಳುತ್ತಿತ್ತು. ಅವನು ಬ್ಯಾಗಿನಿಂದ ಹೊಸ ಹಳದಿ ಬಟ್ಟೆಯ ಗಂಟು ತೆಗೆದ. ಮುಗಿಯಿತು ಎಂದುಕೊಂಡಳು ಅವಳು.

“ಅಮ್ಮನಿಗೆ ಹೇಳೋಕೆ ಧೈರ್ಯ ಬರ್ಲಿಲ್ಲ” ಎಂದ. “ನಿಂಗೆ ಮುಖ ತೋರ್ಸೋಕೂ ಆಗ್ಲಿಲ್ಲ. ಗಂಟಲಿನ ಆಪರೇಷನ್‌ಗೆ ಜಡೆ ಯಾಕ್ ಕತ್ತರಿಸ್ಬೇಕಿತ್ತು ಸುಮಾ? ನಾನು ಬಲವಂತ ಮಾಡ್ದೇ ಇದ್ದಿದ್ರೆ ಅದು ನಿನ್ ತಲೇಲಿ ಇರ್ತಿತ್ತು. ಕವರ್ ನೋಡ್ದಾಗ ಜೀವ ಹೋದಂಗಾಯ್ತು. ಬಿಸಾಕೋಕೆ ಮನಸ್ಸು ಬರ್ದೆ ದೇವ್ರ ಕೋಣೇಲಿ ಇಟ್ಟಿದ್ದೆ.”

ಸುಮಂಗಲಾ ಅವನನ್ನೇ ನೋಡಿದಳು. ಅಕ್ಕತಂಗಿಯರಿಲ್ಲದ ಮನೆಯಲ್ಲಿ ಬೆಳೆದವನು, ಆಸ್ಪತ್ರೆಯವರು ಅವಳ ಜಡೆಯನ್ನೇ ಕತ್ತರಿಸಿ ಕೈಗೆ ಕೊಟ್ಟರೆಂದು ನಂಬಿದ್ದ. ಗಂಟನ್ನು ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ.

ಈಗ ಅವಳು ತಲೆಯಾಡಿಸಿದ್ದರೆ ಸಾಕಿತ್ತು. ಮಾತೂ ಬೇಕಿರಲಿಲ್ಲ. ಪಾಪ, ಆಪರೇಷನ್ನಿಗೆ ಜಡೆ ಹೋಯಿತು ಎಂದು ಶೋಭಾರಾಣಿಯೇ ಕಣ್ಣೊರೆಸುತ್ತಿದ್ದರು. ವಸಂತ ಬದುಕಿಡೀ ಆ ತಪ್ಪನ್ನು ಹೊತ್ತುಕೊಂಡು ಅವಳನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಿದ್ದ. ಎಷ್ಟು ಸಲೀಸು! ಆ ಸಲೀಸೇ ಅವಳನ್ನು ಹೆದರಿಸಿತು.

“ಅದು ನಂದಲ್ಲ” ಎಂದಳು. ದನಿ ಒಡೆದು ಗೊಗ್ಗರಾಗಿ ಬಂತು. “ಕೊಂಡಿದ್ದು. ಮೊದ್ಲಿಂದ್ಲೂ.”

ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವಳು ವೇಲ್ ಸರಿಸಿ ಬಿಸಿಲಿಗೆ ತಲೆ ಬಗ್ಗಿಸಿದಳು. ಅಗಲವಾದ ಬೈತಲೆ, ಅಲ್ಲಲ್ಲಿ ಬರೀ ಚರ್ಮ, ಹಿಂದೆ ಕಿರುಬೆರಳಿನಷ್ಟು ಸಣ್ಣ ಜಡೆ. ಇಷ್ಟು ದಿನ ಅವ್ವ, ಆಸ್ಪತ್ರೆಯವರ ಹೊರತು ಯಾರೂ ನೋಡಿರದ ತಲೆ.

“ಗಾಬರಿ ಆಯ್ತಾ?”

“ಆಯ್ತು” ಎಂದ ವಸಂತ.

ಆ ಒಂದು ಮಾತು ಚುಚ್ಚಿತು. ಆದರೂ ಯಾಕೋ ಉಸಿರು ಸಲೀಸಾಯಿತು. ಇವನು ಸುಳ್ಳು ಹೇಳುವುದಿಲ್ಲ ಎನ್ನಿಸಿತು.

“ಸಿಟ್ಟೂ ಬಂದಿದೆ. ಇಷ್ಟು ದಿನ ನಿದ್ದೆಗೆಟ್ಟಿದೀನಿ ಕಣೇ ನಾನು.” ಕಣ್ಣೊರೆಸಿಕೊಂಡು ಮತ್ತೆ ಅವಳ ತಲೆಯನ್ನೇ ನೋಡಿದ, ಈ ಸಲ ನಿಧಾನವಾಗಿ. “ಇರು. ಅಭ್ಯಾಸ ಮಾಡ್ಕೋತಿದೀನಿ.”

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು.

“ಎಡಗಣ್ಣು” ಎಂದ ಅವನು, ಮೆತ್ತಗೆ.

“ನಾಳೆ ಎಲ್ಲರ ಮುಂದೆ ಅಮ್ಮನಿಗೆ ಗೊತ್ತಾಗೋದು ಬೇಡ” ಎಂದ ಆಮೇಲೆ. “ಈಗ್ಲೇ ಹೋಗೋಣ. ಕೂಗಾಡ್ತಾಳೆ. ಶಾಸ್ತ್ರ ನಿಂತ್ರೂ ನಿಲ್ಬಹುದು.”

“ನಿಂತ್ರೆ?”

“ಶಾಸ್ತ್ರ ತಾನೇ ನಿಲ್ಲೋದು? ಮದ್ವೆ ನಂದು. ನಾನ್ ನಿನ್ನ ಬಿಟ್ಟು ಎಲ್ಲಿಗೂ ಹೋಗಲ್ಲ.”

ಶೋಭಾರಾಣಿಯ ಮನೆಯ ಮುಂದೆ ಆಗಲೇ ಚಪ್ಪರ ಎದ್ದಿತ್ತು. ನೆಂಟರ ಚಪ್ಪಲಿಗಳು ಮೆಟ್ಟಿಲು ತುಂಬಿದ್ದವು. ಬಾಗಿಲು ತೆಗೆದ ಶೋಭಾರಾಣಿಯ ಕಣ್ಣು ಮೊದಲು ಹೋದದ್ದು ಸುಮಂಗಲಾಳ ಬರಿಯ ತಲೆಯ ಮೇಲೆ. ಮುಖದ ನಗು ಹಾಗೇ ಇಂಗಿತು. ಹಿಂದೆ ಯಾರೋ ಗುಸುಗುಟ್ಟಿದರು. ವಸಂತ ಅವಳ ಕೈ ಹಿಡಿದು ಬಾಯಿ ತೆರೆದ.

ಅವಳು ಅವನ ಕೈಯನ್ನು ಅದುಮಿ ಸುಮ್ಮನಾಗಿಸಿದಳು.

“ಅತ್ತೆ” ಎಂದಳು ತನ್ನ ಒಡಕು ದನಿಯಲ್ಲೇ, “ನಾನೇ ಹೇಳ್ತೀನಿ.”